ಬ್ರೇಕ್ ಬಿಟ್ಟ ಹೊತ್ತು

ನೊಣ ಗಾಜಿನ ಒಳಗಡೆ ಇತ್ತು, ಹೊರಗಡೆ ಅಲ್ಲ, ಅಂದರೆ ಬಾಗಿಲು ಮುಚ್ಚುವ ಮೊದಲೇ ಹತ್ತಿ ಕೂತಿದೆ ಬಡ್ಡೀಮಗಂದು, ಟಿಕೆಟ್ಟಿಲ್ಲ, ಸಾಮಾನಿಲ್ಲ, ಹದಿನಾಲ್ಕು ಗಂಟೆ ಇಪ್ಪತ್ತು ನಿಮಿಷ ಪುಕ್ಕಟೆ ಪ್ರಯಾಣ, ಸಮುದ್ರ ದಾಟಿ ಆ ಕಡೆಯ ನೊಣಗಳ ಜೊತೆ ಜಗಳಕ್ಕೆ ಹೊರಟಿದೆ — ಕ್ಯಾಪ್ಟನ್ ಅದನ್ನು ಹೆಬ್ಬೆರಳಲ್ಲಿ ಗಾಜಿಗೆ ಒತ್ತಿ ಅರೆದುಬಿಡಬೇಕು ಅಂದುಕೊಂಡ, ಬೆರಳೆತ್ತಿದ, ಅದು ಹಾರಿ ಬಲಗಡೆಯ ಗಾಜಿಗೆ ಹೋಯಿತು, ಎಲ್ಲವೂ ಹೀಗೇ, ಕೈಗೆ ಬಂದ ತುತ್ತು ಬಾಯಿಗೆ ಬರುವುದಿಲ್ಲ. ಬೆಳಿಗ್ಗೆ ಹತ್ತೂ ಹನ್ನೆರಡು. ಬಾಗಿಲು ಮುಚ್ಚಿದೆ, ಮುನ್ನೂರ ಹನ್ನೆರಡು ಜನ ಬೆಲ್ಟು ಕಟ್ಟಿಕೊಂಡು ಕೂತಿದ್ದಾರೆ, ಟವರಿನವನು ನಲವತ್ತು ನಿಮಿಷ ಕಾಯಿರಿ, ದಾರಿಯಲ್ಲಿ ದಟ್ಟಣೆ ಅಂತಾನೆ, ಅವನಿಗೇನು, ಅವನ ಸಂಬಳ ಕುರ್ಚಿಗೆ, ಕೂತರೂ ಬರುತ್ತದೆ ನಿಂತರೂ ಬರುತ್ತದೆ — ಇವನದು? ಏಳೂ ಮುಕ್ಕಾಲಿಗೆ ಬಂದು ಸಹಿ ಹಾಕಿದ್ದು, ಹವಾಮಾನ ಓದಿದ್ದು, ಎಣ್ಣೆ ಎಷ್ಟು ಬೇಕು ಅಂತ ತಲೆ ಕೆಡಿಸಿಕೊಂಡದ್ದು, ರೆಕ್ಕೆಯಡಿ ಬಗ್ಗಿ ಚಕ್ರ ನೋಡಿದ್ದು, ಎರಡೂವರೆ ಗಂಟೆ, ಅದಕ್ಕೆಲ್ಲ ಸೊನ್ನೆ, ಭತ್ಯೆ ಅಂತ ಚಿಲ್ಲರೆ ಎಸೆಯುತ್ತಾರೆ, ಅಷ್ಟೆ. ಬಾಗಿಲೆಲ್ಲ ಮುಚ್ಚಿ ಪಾರ್ಕಿಂಗ್ ಬ್ರೇಕ್ ಬಿಟ್ಟ ಕ್ಷಣ ಯಂತ್ರ ತಾನೇ ಕಚೇರಿಗೆ ಒಂದು ಸಾಲು ಕಳಿಸುತ್ತದೆ, ಹೊರಟಿತು ಅಂತ, ಅಲ್ಲಿಂದ ಶುರು. ಆ ಊರಲ್ಲಿ ಹೋಗಿ ನಿಂತು, ಬ್ರೇಕ್ ಎಳೆದು, ಬಾಗಿಲು ತೆರೆದಾಗ ಇನ್ನೊಂದು ಸಾಲು, ಸೇರಿತು ಅಂತ, ಅಲ್ಲಿಗೆ ಮುಗಿಯಿತು. ನಡುವೆ ಇದ್ದದ್ದು ಮಾತ್ರ ದುಡಿಮೆ, ಮಿಕ್ಕಿದ್ದೆಲ್ಲ ನಿನ್ನ ಹಣೆಬರಹ. ಅದರ ಮೇಲೆ ಈ ಹೊಸ ಕರಾರು — ದೂರದ ಹಾರಾಟಕ್ಕೆ ನಾಲ್ಕು ಪೈಲಟ್, ಇಬ್ಬರು ಹಾರಿಸುವಾಗ ಇಬ್ಬರು ಹಿಂದಿನ ಗೂಡಿನಲ್ಲಿ ಮಲಗಬೇಕು, ಇವತ್ತಿನ ಇಬ್ಬರು ಆಗಲೇ ಹಿಂದೆ ಹೋಗಿದ್ದಾರೆ, ಮಲಗಿದ ಗಂಟೆಗೆ ಅರ್ಧ ದರ, ಯಾಕೆ ಸ್ವಾಮಿ, ಮಲಗಿದಾಗ ನಾನೇನು ಇಳಿದು ಮನೆಗೆ ಹೋಗಿರ್ತೀನಾ, ವಿಮಾನ ಬಿದ್ರೆ ಅರ್ಧ ಸಾಯ್ತೀನಾ? ತಿಂಗಳಿಗೆ ಎಪ್ಪತ್ತು ಗಂಟೆ ದಾಟಿದ ಮೇಲೆ ಮಾತ್ರ ಒಂದೂವರೆ ಪಟ್ಟು, ಇವತ್ತಿನ ಹಾರಾಟದಲ್ಲಿ ಅವನು ದಾಟುತ್ತಾನೆ, ಹಾಗಾಗಿ ಇಲ್ಲಿ ಹಿಡಿದ ಒಂದೊಂದು ನಿಮಿಷವೂ ಆ ತುದಿಯಲ್ಲಿ ಒಂದೂವರೆ ನಿಮಿಷ, ಅವ್ವ ಹೇಳುತ್ತಿದ್ದಳಲ್ಲ ಹನಿ ಹನಿ ಕೂಡಿದರೆ ಹಳ್ಳ — ಮೀಟರ್ ಹಾಕೋಣ್ವಾ, ಅಂದ. ಪಕ್ಕದ ಕುರ್ಚಿಯ ಸಹಪೈಲಟ್ ಹುಡುಗಿ, ಇಪ್ಪತ್ತೊಂಬತ್ತು ವರ್ಷ, ಇವನ ಮಗಳಿಗಿಂತ ಒಂಬತ್ತು ವರ್ಷ ದೊಡ್ಡವಳು, ತಿರುಗಿ ನೋಡಿದಳು, ಸರ್? ಬ್ರೇಕ್ ಬಿಡೋಣ ಅಂದೆ ಕಣಮ್ಮ, ಚಕ್ರದ ಹಿಂದೆ ಮುಂದೆ ರಬ್ಬರ್ ಅಡ್ಡತುಂಡು ಇದೆ, ಬೆಟ್ಟ ಬಂದು ತಳ್ಳಿದ್ರೂ ಅಲ್ಲಾಡಲ್ಲ, ಹೊರಡೋ ಮುಂಚೆ ಮತ್ತೆ ಹಾಕಿದ್ರಾಯ್ತು, ನಿನಗೂ ಓಡುತ್ತಲ್ಲ ಮೀಟರ್, ಧರ್ಮಕ್ಕೆ ಕೂತ್ಕೋತೀಯಾ? ಅವಳು ನಕ್ಕಳು, ನೀವು ಟ್ಯಾಕ್ಸಿ ಓಡಿಸ್ಬೇಕಿತ್ತು ಸರ್. ಎಲ್ಲರೂ ಮಾಡುತ್ತಾರೆ, ಯಾರೂ ಹೇಳುವುದಿಲ್ಲ. ಹಿಡಿ ಕೆಳಗೆ ಹೋಯಿತು, ಕೆಂಪು ದೀಪ ಆರಿತು, ಪುಟ್ಟ ಪ್ರಿಂಟರ್ ಕಿರ್ ಅಂತ ಒಂದು ಚೀಟಿ ಉಗುಳಿತು, ಹೊರಟ ಸಮಯ ಹತ್ತು ಹದಿನಾಲ್ಕು, ಅದನ್ನು ಹರಿದು ಮೊಣಕಾಲ ಹತ್ತಿರದ ಕ್ಲಿಪ್ಪಿಗೆ ಸಿಕ್ಕಿಸಿದ.

ಆಮೇಲೆ ಸುಮ್ಮನೆ ಕೂರುವ ಹೊತ್ತು, ಸುಮ್ಮನೆ ಕೂತರೆ ಅವನಿಗೆ ಸಿಟ್ಟು ಬರುತ್ತದೆ, ಮೂಗಿನ ತುದಿಯಲ್ಲೇ ಇಟ್ಟುಕೊಂಡಿರುತ್ತಾನೆ, ಎಲ್ಲಿಯೂ ಹುಡುಕಬೇಕಾಗಿಲ್ಲ — ಹೋದ ತಿಂಗಳು ಸಂಬಳ ಬರೆಯುವ ಗುಮಾಸ್ತ, ಬೋಳುತಲೆ, ಮೇಜಿನ ಮೇಲೆ ಮೂರು ಬಣ್ಣದ ಪೆನ್ನು, ಹನ್ನೊಂದು ನಿಮಿಷ ಕಮ್ಮಿ ಬರೆದಿದ್ದ, ಇಳಿದ ಮೇಲೆ ನಿಲ್ಲುವ ಜಾಗ ಸಿಗದೆ ಹನ್ನೊಂದು ನಿಮಿಷ ಎಂಜಿನ್ ಉರಿಸಿಕೊಂಡು ಕಾದದ್ದು, ಅದು ಹಾರಾಟ ಅಲ್ಲ ಸಾರ್ ನಿಂತಿದ್ದು ಅಂದ, ನಿಂತಿದ್ದಾ, ಬ್ರೇಕ್ ಹಾಕಿರಲಿಲ್ಲ ಕಣೋ ಕಾಲಲ್ಲಿ ಅದುಮಿ ಹಿಡ್ಕೊಂಡಿದ್ದೆ ಅಂದರೆ, ರೂಲು ಸಾರ್, ಅಂತ ನಕ್ಕ, ಆ ನಗು ನೋಡಿದ್ದಷ್ಟೇ ನೆನಪು, ಮುಂದಿನದು ಕೈಗೆ ಗೊತ್ತು, ಕಾಲರು, ಕತ್ತಿನ ಬಿಸಿ, ಮುಖ ಮೇಜಿಗೆ ಬಡಿದಾಗ ಪೆನ್ನುಗಳು ಉರುಳಿದ ಸದ್ದು, ಮೂಗಿನಿಂದ ರಕ್ತ ಇವನದೇ ವೇತನ ಪಟ್ಟಿಯ ಮೇಲೆ ತೊಟ್ಟಿಕ್ಕಿತು, ಎಷ್ಟು ಹಿತವಾಗಿತ್ತು, ಅಯ್ಯೋ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಎಚ್ಚರಿಕೆ ಪತ್ರ ಬಂತು, ಇನ್ನೊಂದು ತಪ್ಪು ನಡೆದರೆ ಪರವಾನಗಿಯೇ ಹೋಗುತ್ತದೆ, ಇಪ್ಪತ್ತಾರು ವರ್ಷದ ಹಾರಾಟ ಒಂದು ಕಾಗದದಲ್ಲಿ ಮುಗಿಯುತ್ತದೆ ಅಂತ. ಹೆಂಡತಿ ಪತ್ರ ಓದಿ ಮಡಿಸಿಟ್ಟಳು, ಹೊಡ್ದು ಹೊಡ್ದು ಕೈ ಬಿದ್ದುಹೋಗುತ್ತೆ ಒಂದಿನ ನಿಮ್ಮದು, ಅಂದಳು. ಅವಳಿಗೆ ಗೊತ್ತು ಆ ಕೈ. ಮಗಳಿಗೆ ಎಂಟು ವರ್ಷವಿದ್ದಾಗ ಶಾಲೆಯಲ್ಲಿ ಅಪ್ಪನ ಕೆಲಸದ ಬಗ್ಗೆ ಬರೆಯಲು ಹೇಳಿದ್ದರು, ಪೆನ್ಸಿಲ್ ಕಚ್ಚಿಕೊಂಡು ಕೇಳಿದಳು, ಅಪ್ಪ, ಬ್ರೇಕ್ ಬಿಟ್ಟ ಮೇಲೆ ದುಡ್ಡು ಕೊಡ್ತಾರಾ, ಹೂಂ, ಬ್ರೇಕ್ ಹಾಕಿದ್ಮೇಲೆ ಇಲ್ವಾ, ಇಲ್ಲ, ಹಾಗಾದ್ರೆ ಮನೇಲಿ ನಮ್ಮ ಜೊತೆ ಇದ್ದಾಗ ನಿಂಗೆ ಸೊನ್ನೆನಾ ಅಪ್ಪ — ಕೇಳಿದ್ದು ಲೆಕ್ಕ, ಮಗು ಕೇಳಿದ್ದು ಬರೀ ಲೆಕ್ಕ, ಅವನಿಗೆ ಕೇಳಿಸಿದ್ದು ಬೈಗುಳ, ಹೊಡೆದ ಏಟಿಗೆ ಪೆನ್ಸಿಲ್ ಅವಳ ತುಟಿ ಸೀಳಿತು, ಈಗಲೂ ನಕ್ಕರೆ ಆ ಗೆರೆ ಕಾಣುತ್ತದೆ, ಅದಕ್ಕೇ ಅಪ್ಪನ ಎದುರು ನಗುವುದಿಲ್ಲವೋ ಏನೋ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೇ. ಬೇಡ, ಹೊರಗೆ ನೋಡೋಣ, ಕಾಂಕ್ರೀಟು ಬಿಸಿಲಿಗೆ ಬೆಳ್ಳಗೆ ಉರಿಯುತ್ತಿದೆ, ಎಡಗಡೆ ಹೆಬ್ಬೆಟ್ಟು ನಿಂತಿದ್ದಾನೆ, ನೆಲದ ಸಿಬ್ಬಂದಿಯವನು, ಹನ್ನೊಂದು ವರ್ಷದಿಂದ ಇದೇ ಜಾಗದಲ್ಲಿ ವಿಮಾನ ಹಿಂದೆ ತಳ್ಳಿಸುವವನು, ಹೆಬ್ಬೆಟ್ಟು ಅಂದರೆ ಓದು ಬಾರದವನು ಅಂತಲ್ಲ, ಪ್ರತಿಸಲ ಎಲ್ಲ ಮುಗಿದು ವಿಮಾನ ಬಿಡಿಸಿಕೊಂಡಾಗ ದೂರ ಹೋಗಿ ನಿಂತು ಹಳದಿ ಕೈಗವಸಿನ ಹೆಬ್ಬೆಟ್ಟು ಎತ್ತಿ ತೋರಿಸುತ್ತಾನೆ, ತೋಳು ಪೂರ್ತಿ ಚಾಚಿ, ಮದುವೆ ಫೋಟೋಕ್ಕೆ ನಿಂತವನ ಹಾಗೆ ಗಂಭೀರವಾಗಿ, ಎಲ್ಲ ಸರಿ ಇದೆ ಹೋಗಿ ಬನ್ನಿ ಅಂತ, ಅದಕ್ಕೆ ಪೈಲಟ್‌ಗಳೆಲ್ಲ ಇಟ್ಟ ಹೆಸರು. ಮುಖ ಇವನಿಗೆ ಸರಿಯಾಗಿ ಗೊತ್ತಿಲ್ಲ, ಗೊತ್ತಿರುವುದು ಹೆಡ್‌ಫೋನಿನಲ್ಲಿ ಬರುವ ಗೊಗ್ಗರು ದನಿ ಮತ್ತು ಆ ಹಳದಿ ಹೆಬ್ಬೆಟ್ಟು. ಒಂದು ಸಲ ದನಿ ಕೇಳಿತ್ತು, ಸಾಹೇಬ್ರೇ, ನಿಮಗೆ ಗಂಟೆ ಲೆಕ್ಕ ಅಂತೆ ಹೌದಾ, ಹೌದಪ್ಪ, ನಿನಗೆ? ನಂಗೆ ತಿಂಗಳ ಲೆಕ್ಕ ಸಾಹೇಬ್ರೇ, ಆದ್ರೆ ಬೆನ್ನಿಗೆ ಮಾತ್ರ ನಿಮಿಷದ ಲೆಕ್ಕ. ಇಬ್ಬರೂ ನಕ್ಕಿದ್ದರು, ಒಬ್ಬ ಮೇಲೆ, ಒಬ್ಬ ಕೆಳಗೆ, ನಡುವೆ ಒಂದು ತಂತಿ.

ಹತ್ತೂ ನಲವತ್ತೊಂದು, ಟವರಿನವನು ಇದ್ದಕ್ಕಿದ್ದ ಹಾಗೆ ಅವಸರಕ್ಕೆ ಬಿದ್ದ, ದಾರಿ ತೆರೆದಿದೆ, ಐದು ನಿಮಿಷದಲ್ಲಿ ಹೊರಡಿ, ಇಲ್ಲಾಂದ್ರೆ ಮತ್ತೊಂದು ಗಂಟೆ, ಹುಡುಗಿ ಅವನಿಗೆ ಉತ್ತರ ಕೊಡುತ್ತ ಬರೆದುಕೊಳ್ಳುತ್ತಿದ್ದಾಳೆ, ಹಿಂದಿನಿಂದ ಗಗನಸಖಿಯರ ಮುಖ್ಯಸ್ಥೆ ಫೋನಿನಲ್ಲಿ, ಸರ್ ಮೂವತ್ತೆರಡನೇ ಸಾಲಿನವರು ಎದ್ದು ನಿಂತಿದ್ದಾರೆ, ಕೂರಿಸಮ್ಮ, ನೊಣ ಮತ್ತೆ ಎಡಗಡೆ ಬಂದಿದೆ, ಆಗಲೇ ಕಿವಿಯಲ್ಲಿ ಗೊಗ್ಗರು ದನಿ, ಸಾಹೇಬ್ರೇ ನಮಸ್ಕಾರ, ನಾನೇ, ಟ್ರ್ಯಾಕ್ಟರ್ ಬಂತು, ಪಾರ್ಕಿಂಗ್ ಬ್ರೇಕ್ ಹಾಕಿದೆಯಾ? ಹಾಕಿದೆ, ಅಂದ. ಹಾಗಾದ್ರೆ ಅಡ್ಡತುಂಡು ತೆಗೀತೀನಿ, ತೆಗಿಯಪ್ಪ. ಇಪ್ಪತ್ತಾರು ವರ್ಷ ಆ ಪ್ರಶ್ನೆಗೆ ಆ ಉತ್ತರ, ಬಾಯಿ ಹೇಳಿತು, ಕಣ್ಣು ಹಿಡಿಯನ್ನು ನೋಡಲಿಲ್ಲ, ಕಣ್ಣು ನೊಣವನ್ನು ನೋಡುತ್ತಿತ್ತು, ಈ ಸಲ ಸಿಕ್ಕಿತು, ಹೆಬ್ಬೆರಳಿನ ಕೆಳಗೆ ಪಟ್ ಅಂದಿತು, ಒಂದು ಹನಿ, ಇಷ್ಟೇನಾ ನೊಣದ ರಕ್ತ ಅನ್ನುವಷ್ಟು — ಮತ್ತು ಆಗ ಎಡಗಡೆಯ ಕಟ್ಟಡದ ಕಿಟಕಿ ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ಸರಿಯಿತು, ಕಟ್ಟಡಗಳು ಸರಿಯುವುದಿಲ್ಲ, ಕಟ್ಟಡ ಯಾಕೆ ಸರಿಯುತ್ತಿದೆ ಅಂತ ಅವನು ಯೋಚಿಸಿದ, ಮಳೆನೀರು ಹರಿದುಹೋಗಲೆಂದು ಆ ನೆಲಕ್ಕೆ ಮುಂದಕ್ಕೆ ಚೂರು ಇಳಿಜಾರು ಕೊಟ್ಟಿದ್ದಾರೆ, ಅದೂ ಅವನಿಗೆ ಗೊತ್ತು, ಎಲ್ಲ ಗೊತ್ತು, ಇನ್ನೂರ ನಲವತ್ತು ಟನ್ನು ಸದ್ದಿಲ್ಲದೆ ಹೊರಟಿತ್ತು — ಸಾಹೇಬ್ರೇ ಅಂದಿತು ದನಿ, ಬೈಗುಳವಲ್ಲ, ಕೂಗಲ್ಲ, ಬರೀ ಆಶ್ಚರ್ಯ, ಸಾಹೇಬ್ರೇ, ವಿಮಾನವನ್ನು ಟ್ರ್ಯಾಕ್ಟರಿಗೆ ಕಟ್ಟುವ ಎಳೆಕಂಬಿಯ ಪಿನ್ ಇನ್ನೂ ಕೂರಿಸಿರಲಿಲ್ಲ, ಮುಂದಿನ ಚಕ್ರದ ಹತ್ತಿರ ಬಗ್ಗಿ ಅದನ್ನೇ ಕೂರಿಸುತ್ತಿದ್ದ, ಆಮೇಲೆ ಬಂದದ್ದು ಮಾತಲ್ಲ. ಕಿವಿಯೊಳಗೇ ಬಂತು. ಒಳ್ಳೆ ಹೆಡ್‌ಫೋನು, ಎಂಜಿನ್ ಸದ್ದನ್ನೆಲ್ಲ ಸೋಸಿ ಮನುಷ್ಯನ ದನಿಯನ್ನು ಮಾತ್ರ ಕಳಿಸುವಂಥದು, ಹಸಿ ಕೊಂಬೆ ಮುರಿದ ಹಾಗೆ ಒಂದು ಸದ್ದು, ಅದರ ಹಿಂದೆ ಆ ಕೂಗು, ಅವನ ಕೈ ಹಿಡಿಯನ್ನು ಎಳೆದಿತ್ತು, ಎರಡು ಕಾಲೂ ಪೆಡಲಿನ ಮೇಲೆ, ವಿಮಾನ ಮೂಗು ಬಗ್ಗಿಸಿ ಗಕ್ಕನೆ ನಿಂತಿತು, ಕೆಂಪು ದೀಪ ಹತ್ತಿತು. ಒಂದು ಮೊಳ. ಅಷ್ಟೇ ದೂರ ಹೋದದ್ದು.

ಕಾಲಿನ ಮೇಲೇ ನಿಂತಿದೆ ಸಾರ್! ಇನ್ನೊಂದು ದನಿ, ಟ್ರ್ಯಾಕ್ಟರಿನವನು ತಂತಿಯ ಮೈಕು ಕಿತ್ತುಕೊಂಡಿದ್ದಾನೆ, ಚಕ್ರ ಅವನ ಕಾಲಿನ ಮೇಲೇ ನಿಂತಿದೆ, ಅಯ್ಯೋ ದೇವ್ರೇ, ಹಿಂದೆ ತಗೋಬೇಕು, ಕಂಬಿ ಸಿಗಿಸಿದೀನಿ ಹಿಂದೆ ತಳ್ತೀನಿ, ಬ್ರೇಕ್ ಬಿಡಿ! ಬ್ರೇಕ್ ಬಿಡಿ. ಬಿಡಬೇಕಂತೆ. ಕೈ ಹಿಡಿಯ ಮೇಲೇ ಇದೆ, ಬೆರಳುಗಳು ಬಿಳಿಚಿವೆ, ಬಿಡಲು ಬರುತ್ತಿಲ್ಲ, ಬಿಟ್ಟರೆ ಮತ್ತೆ ಮುಂದೆ ಹೋದರೆ, ಇನ್ನೊಂದು ಗೇಣು ಹೋದರೆ ಸೊಂಟ, ಇನ್ನೊಂದು ಗೇಣಿಗೆ ಎದೆ, ಕಾಲರ್ ಹಿಡಿಯಲು ಗೊತ್ತಿದ್ದ ಕೈ, ಮಗುವಿನ ಬಾಯಿಗೆ ಬಾರಿಸಲು ಗೊತ್ತಿದ್ದ ಕೈ, ಈಗ ಆ ಹಿಡಿಗೇ ಅಂಟಿಕೊಂಡಿದೆ, ಸರ್ ಬಿಡಿ ಸರ್ ಅಂತ ಹುಡುಗಿ ಕಿರುಚುತ್ತಿದ್ದಾಳೆ, ಅವನು ಬಾಯಿಗೆ ಬಂದದ್ದು ಬೈದ, ಯಾರಿಗೋ, ಟ್ರ್ಯಾಕ್ಟರಿಗೆ, ಗುಮಾಸ್ತನಿಗೆ, ಹೆತ್ತವರಿಗೆ, ಬಿಟ್ಟ. ವಿಮಾನ ನಡುಗಿ ಹಿಂದಕ್ಕೆ ಸರಿಯಿತು, ಭಾರ ಮೇಲಿನಿಂದ ಎದ್ದಾಗ ಆ ಕೂಗು ಮೊದಲಿನದಕ್ಕಿಂತ ದೊಡ್ಡದಾಗಿ ಎದ್ದಿತು, ರಕ್ತ ಒಳಗೆ ಓಡುವಾಗಲೇ ನೋವು ಅಂತ ಎಲ್ಲೋ ಓದಿದ್ದ, ಆಮೇಲೆ ದನಿ ಒಡೆದು ಚಿಂದಿ ಚಿಂದಿಯಾಯಿತು, ಅವ್ವಾ, ಅವ್ವಾ, ಐವತ್ತು ದಾಟಿದ ಮನುಷ್ಯ ಅವ್ವನನ್ನು ಕರೆಯುತ್ತಿದ್ದಾನೆ. ಬ್ರೇಕ್ ಹಾಕಿ ಸಾರ್, ಹಾಕಿದ, ಈ ಸಲ ಕಣ್ಣಿನಿಂದ ನೋಡಿ ಹಾಕಿದ, ಮೂರು ಸಲ ನೋಡಿದ. ಕಿಟಕಿಗೆ ಕೆನ್ನೆ ಒತ್ತಿದರೆ ಮೂಗಿನ ಕೆಳಗಿನದು ಕಾಣುವುದಿಲ್ಲ, ಓಡಿ ಬರುವ ಬೂಟುಗಳು ಕಾಣುತ್ತವೆ, ಸ್ಟ್ರೆಚರಿನ ಒಂದು ಚಕ್ರ, ಬೆಳ್ಳನೆ ಕಾಂಕ್ರೀಟಿನ ಮೇಲೆ ಕಪ್ಪಗೆ ಹರಿದುಬರುವ ಒಂದು ಗೆರೆ, ಎಣ್ಣೆಯೇ ಇರಬೇಕು, ಎಣ್ಣೆ ಅಷ್ಟು ಬೇಗ ಹರಿಯುವುದಿಲ್ಲ — ಮತ್ತು ಅದರಾಚೆ, ಯಾರ ಗಮನಕ್ಕೂ ಬಾರದೆ, ಬಿಸಿಲಿನಲ್ಲಿ ಬಿದ್ದಿದ್ದ ಹಳದಿ ಕೈಗವಸು, ಗ್ರೀಸಿನಿಂದ ಸೆಟೆದುಕೊಂಡಿದೆ, ಮಿಕ್ಕ ಬೆರಳೆಲ್ಲ ಮಡಚಿ ಹೆಬ್ಬೆಟ್ಟು ನೆಟ್ಟಗೆ ಮೇಲೆ. ಅವನು ಕೆನ್ನೆ ತೆಗೆದ.

ತೆಗೆದ ತಕ್ಷಣ ತಲೆ ಲೆಕ್ಕಕ್ಕೆ ಕೂತಿತು, ಹಾಳು ತಲೆ, ಬೇರೇನೂ ಕಲಿಯಲಿಲ್ಲ ಅದು: ಯಾರಿಗೆ ಗೊತ್ತು? ಅಡ್ಡತುಂಡು ತೆಗೆದದ್ದು ಅವನು, ಪಿನ್ ಕೂರಿಸದೆ ತೆಗೆದದ್ದು ಅವನು, ಬ್ರೇಕ್ ಹಾಕಿದೆ ಅಂತ ನಾನು ಹೇಳಿದ್ದೇನೆ, ಬ್ರೇಕೇ ಜಾರಿತು ಅಂದರೆ ಯಂತ್ರದ ತಪ್ಪು, ಯಂತ್ರಕ್ಕೆ ಹೆಂಡತಿ ಮಕ್ಕಳಿಲ್ಲ — ಗೊತ್ತಿರುವುದು ಒಂದೇ ಒಂದು ಸಾಲಿಗೆ, ಹೊರಟ ಸಮಯ ಹತ್ತು ಹದಿನಾಲ್ಕು, ಹೆಬ್ಬೆಟ್ಟು ಕೇಳುವುದಕ್ಕೆ ಇಪ್ಪತ್ತೇಳು ನಿಮಿಷ ಮೊದಲೇ ಬ್ರೇಕ್ ಬಿಟ್ಟಿದೆ ಅಂತ ಕಚೇರಿಯ ಪರದೆಯಲ್ಲಿ ಕೂತಿರುವ ಆ ಸಾಲು, ಅವನೇ ಕೈಯಾರೆ ಕಳಿಸಿದ ಸಾಕ್ಷಿ, ಇಪ್ಪತ್ತೇಳು ನಿಮಿಷದ ಸಂಬಳಕ್ಕೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಆದರೆ ತಿದ್ದಬಹುದು, ತಿದ್ದುತ್ತಾರೆ, ಯಂತ್ರ ತಪ್ಪು ಹೊತ್ತು ಕಳಿಸಿತು ಅಂತ ಪೈಲಟ್ ಒಂದು ಸಂದೇಶ ಕಳಿಸಿದರೆ ಗುಮಾಸ್ತ ಕೆಂಪು ಪೆನ್ನಿನಲ್ಲಿ ಹೊಡೆದುಹಾಕುತ್ತಾನೆ, ಎಷ್ಟೋ ಸಲ ಆಗಿದೆ. ಕಳಿಸು, ಅಂದ ಹುಡುಗಿಗೆ, ಹೊರಟ ಸಮಯ ತಪ್ಪು, ಹತ್ತು ನಲವತ್ತೆರಡು ಅಂತ ತಿದ್ದಿ ಅಂತ ಟೈಪ್ ಮಾಡು. ಅವಳು ನೋಡಿದಳು. ಸರ್, ಅವರ ಕಾಲು ಹೋಗಿದೆ. ಅದನ್ನ ನೋಡೋಕೆ ಜನ ಇದಾರೆ, ನೀನು ಟೈಪ್ ಮಾಡು. ನಾನು ಮಾಡಲ್ಲ ಸರ್. ನಿನ್ನ ಮೀಟರೂ ಓಡಿತಲ್ಲೇ, ನಕ್ಕೆಯಲ್ಲ ಆಗ, ಟ್ಯಾಕ್ಸಿ ಅಂದೆಯಲ್ಲ, ನಾನು ಮುಳುಗಿದ್ರೆ ನೀನು ದಡದಲ್ಲಿ ನಿಂತಿರ್ತೀಯಾ? ಓಡಿತು ಸರ್, ಅಂದಳು, ನಾನೂ ಹಿಡಿ ನೋಡ್ಲಿಲ್ಲ, ನಂದೂ ತಪ್ಪೇ, ಅದನ್ನೇ ಹೇಳ್ತೀನಿ. ಹೇಳುತ್ತಾಳಂತೆ. ಅವಳ ಮಣಿಕಟ್ಟು ಅವನ ಮುಷ್ಟಿಯಲ್ಲಿತ್ತು, ಯಾವಾಗ ಹಿಡಿದ ಗೊತ್ತಿಲ್ಲ, ಕೀಲಿಮಣೆಯ ಕಡೆಗೆ ತಿರುಚುತ್ತಿದ್ದ, ಸಣ್ಣ ಎಲುಬುಗಳು ಒಂದರ ಮೇಲೊಂದು ಉಜ್ಜುವುದು ಅಂಗೈಗೆ ಗೊತ್ತಾಗುತ್ತಿತ್ತು, ಇನ್ನು ಚೂರು ತಿರುಗಿಸಿದರೆ ಆ ಹಸಿ ಕೊಂಬೆಯ ಸದ್ದು ಇಲ್ಲಿಯೂ ಬರುತ್ತದೆ, ಅವಳು ಅಳಲಿಲ್ಲ, ಬರೀ ತುಟಿ ಕಚ್ಚಿ ನೋಡುತ್ತಿದ್ದಳು, ಪೆನ್ಸಿಲ್ ಸೀಳಿದ ಆ ಇನ್ನೊಂದು ತುಟಿ ನೆನಪಾಗುವ ಹಾಗೆ — ಆಗ ತಂತಿ ಮತ್ತೆ ಮಾತಾಡಿತು. ಸಾಹೇಬ್ರೇ. ಗೊಗ್ಗರು ದನಿ, ಎಳೆ ಎಳೆಯಾಗಿ, ಸ್ಟ್ರೆಚರಿನ ಮೇಲಿನಿಂದಲೇ ಇರಬೇಕು, ಬಿಡ್ರೋ ಒಂದ್ನಿಮಿಷ ಅಂತ ಯಾರಿಗೋ ಬೇಡಿಕೊಂಡು ಮೈಕು ಬಾಯಿಗೆ ಹಿಡಿಸಿಕೊಂಡಿದ್ದಾನೆ. ಸಾಹೇಬ್ರೇ, ತಪ್ಪಾಯ್ತು, ನಂದೇ ತಪ್ಪು, ಪಿನ್ ಕೂರಿಸ್ದೆ ಅಡ್ಡ ತೆಗ್ದುಬಿಟ್ಟೆ ಅವಸರಕ್ಕೆ, ನಿಮ್ಮ ಬ್ರೇಕು ಜಾರಿರ್ಬೇಕು, ಯಾರಿಗೂ ಹೇಳ್ಬೇಡಿ ಸಾಹೇಬ್ರೇ, ಕೆಲಸ ಹೋಗುತ್ತೆ, ಮಗಳ ಮದುವೆ ಆಗ್ಬೇಕು. ಕ್ಯಾಪ್ಟನ್ನಿನ ಹೆಬ್ಬೆರಳು ಮಾತಾಡುವ ಗುಂಡಿಯ ಮೇಲಿತ್ತು. ಅದುಮಿದರೆ ಸಾಕು, ಇಲ್ಲಪ್ಪ ನಂದು, ಎರಡೇ ಮಾತು. ಅದುಮಲಿಲ್ಲ. ಹಾಡುಹಗಲೇ ಕಳ್ಳನಿಗೆ ಮನೆಯವನೇ ಬಾಗಿಲು ತೆಗೆದ ಹಾಗೆ, ಎಲ್ಲ ಕ್ಷಮಿಸಿ, ಎಲ್ಲ ಹೊತ್ತುಕೊಂಡು, ತಂತಿ ಕಿತ್ತ ಸದ್ದು, ಆಮೇಲೆ ಖಾಲಿ. ಅವನು ಹುಡುಗಿಯ ಕೈ ಬಿಟ್ಟ. ನಾಲ್ಕು ಬೆರಳಿನ ಗುರುತು ಅವಳ ಮಣಿಕಟ್ಟಿನಲ್ಲಿ ಕೆಂಪಗೆ ಏಳುತ್ತಿತ್ತು.

ಬಾಗಿಲು ತೆರೆದರು, ಪ್ರಿಂಟರ್ ಮತ್ತೆ ಕಿರ್ ಅಂದಿತು, ಬ್ರೇಕ್ ಹಾಕಿದೆ ಬಾಗಿಲು ತೆರೆದಿದೆ, ಯಂತ್ರಕ್ಕೆ ಅದು ಊರು ಸೇರಿದ ಹಾಗೆ, ಸೇರಿದ ಸಮಯ ಹನ್ನೊಂದು ಒಂಬತ್ತು, ಐವತ್ತೈದು ನಿಮಿಷ ಅಂತ ಅವನ ತಲೆ ಕಳೆದು ಹೇಳಿತು, ಒಂದು ಮೊಳ ದೂರಕ್ಕೆ ಐವತ್ತೈದು ನಿಮಿಷದ ಸಂಬಳ, ಆ ತಲೆಯನ್ನು ಗುಮಾಸ್ತನ ತಲೆಯ ಹಾಗೆ ಹಿಡಿದು ಗಾಜಿಗೆ ಚಚ್ಚಬೇಕು ಅನಿಸಿತು, ನೊಣದ ಕಲೆ ಅಲ್ಲೇ ಇತ್ತು. ಸುರಕ್ಷತಾ ಅಧಿಕಾರಿ ಒಳಗೆ ಬಂದ, ಏದುಸಿರು, ಕಂಕುಳಲ್ಲಿ ಬೆವರಿನ ಕಲೆ, ಕೈಯಲ್ಲಿ ಒಂದು ಪ್ಯಾಡು, ಕೆಟ್ಟ ಮನುಷ್ಯನಲ್ಲ, ನೀರು ಕುಡೀರಿ ಕ್ಯಾಪ್ಟನ್ ಅಂತ ಬಾಟಲಿ ಕೊಟ್ಟ, ಮೊಣಕಾಲಿನ ಕೆಳಗೆ ಉಳಿಯಲ್ಲ ಅಂತಿದಾರೆ, ಜೀವ ಉಳಿದ್ರೆ ಸಾಕು, ಪಾಪ, ಅವನೇ ಒಪ್ಕೊಂಡ, ಪಿನ್ ಹಾಕದೆ ಅಡ್ಡ ತೆಗೆದೆ ಅಂತ, ಟ್ರ್ಯಾಕ್ಟರಿನವನೂ ಅದನ್ನೇ ಹೇಳಿದ, ನಿಮ್ಮಿಂದ ಒಂದೇ ಮಾತು ಬೇಕು ಬರ್ಕೊಳ್ಳೋಕೆ, ಅವನು ಕೇಳಿದಾಗ ಬ್ರೇಕ್ ಹಾಕಿತ್ತಾ? ಈ ಸಲ ನೊಣವಿರಲಿಲ್ಲ, ಅವಸರವಿರಲಿಲ್ಲ, ಟವರಿನವನು ಸುಮ್ಮನಿದ್ದ, ಕಣ್ಣು ಹಿಡಿಯ ಮೇಲೇ ಇತ್ತು, ನೇರವಾಗಿ ನೋಡುತ್ತಿತ್ತು, ಹೇಳಬೇಕು ಅಂತಲೇ ಅವನು ಬಾಯಿ ತೆರೆದದ್ದು, ಸತ್ಯವಾಗಿಯೂ, ಮಗಳಾಣೆಗೂ, ಇಲ್ಲ ಅನ್ನಲು ತೆರೆದ ಬಾಯಿ — ಹಾಕಿತ್ತು, ಅಂದಿತು. ಅಧಿಕಾರಿ ಬರೆದುಕೊಂಡ. ಪೆನ್ನು ಕಾಗದದ ಮೇಲೆ ಓಡುವ ಸದ್ದು, ಹಾ, ಕಿ, ತ್ತು, ಹುಡುಗಿ ಬಗ್ಗಿದಳು, ಗುರುತು ಬಿದ್ದ ಕೈಯನ್ನೇ ಚಾಚಿ ಇವನ ಮೊಣಕಾಲ ಹತ್ತಿರದ ಕ್ಲಿಪ್ಪಿನಿಂದ ಚೀಟಿ ಎಳೆದು ಅಧಿಕಾರಿಯ ಪ್ಯಾಡಿನ ಮೇಲೆ, ಒದ್ದೆ ಶಾಯಿಯ ಮೇಲೆ ಇಟ್ಟಳು. ಹತ್ತು ಹದಿನಾಲ್ಕು, ಅಂತ ಓದಿದ ಅಧಿಕಾರಿ, ಮತ್ತೆ ಓದಿದ, ಹತ್ತು ಹದಿನಾಲ್ಕಾ, ಇದೇನು ಕ್ಯಾಪ್ಟನ್, ಇಷ್ಟು ಮುಂಚೆ ಬ್ರೇಕ್ ಬಿಟ್ಟಿದ್ಯಾರು, ಯಾಕೆ ಬಿಟ್ರಿ, ಕ್ಯಾಪ್ಟನ್, ನಿಮ್ಮನ್ನೇ ಕೇಳ್ತಿರೋದು — ಅವನು ಕಿಟಕಿಗೆ ತಿರುಗಿದ, ಗಾಜಿಗೆ ಕೆನ್ನೆ ಒತ್ತಿದ, ಬೂಟುಗಳೆಲ್ಲ ಹೋಗಿವೆ, ಸ್ಟ್ರೆಚರ್ ಹೋಗಿದೆ, ಕಪ್ಪು ಗೆರೆ ಬಿಸಿಲಿಗೆ ಅಂಚಿನಿಂದ ಒಣಗುತ್ತಿದೆ, ಅದರಾಚೆ ಹಳದಿ ಕೈಗವಸು, ಯಾರೂ ಎತ್ತಿಲ್ಲ, ಬೆರಳು ಮಡಚಿದೆ, ಹೆಬ್ಬೆಟ್ಟು ಮೇಲೆ, ಎಲ್ಲ ಸರಿ ಇದೆ ಸಾಹೇಬ್ರೇ ಹೋಗಿ ಬನ್ನಿ ಅಂತ, ಹೆಬ್ಬೆಟ್ಟು ಮೇಲೆ, ಹೆಬ್ಬೆಟ್ಟು ಮೇಲೆ